ಮನೆ ನೋಡುವ ಸಾಲು

ಮನೆ ಮೂರನೇ ಮಹಡಿಯಲ್ಲಿತ್ತು, ಅದನ್ನು ನೋಡಲು ಬಂದವರ ಸಾಲಿನ ಬಾಲ ಬೀದಿಯಲ್ಲಿತ್ತು. ಬೆಳಕು ಹರಿಯುವ ಮೊದಲೇ ಬಂದು ನಿಂತಿದ್ದರಿಂದ ಕಂಡಕ್ಟರ್ ಮತ್ತು ಅವನ ಹೆಂಡತಿಗೆ ಬಾಗಿಲಿಗೆ ಅಂಟಿದ ಮೆಟ್ಟಿಲೇ ಸಿಕ್ಕಿತ್ತು. ಬಾಗಿಲ ಸಂದಿಯಿಂದ ಅಡುಗೆಕಟ್ಟೆಯನ್ನೂ ಅದರ ಮೇಲೊಂದು ಕಿಟಕಿಯನ್ನೂ ಕಂಡಿದ್ದ ಅವಳು ಮನಸ್ಸಿನಲ್ಲಿ ಆಗಲೇ ಒಲೆ ಹೂಡಿಯಾಗಿತ್ತು.

"ಒಳಗೆ ಹೋದ ತಕ್ಷಣ ಮಾತು ಮುಗಿಸಿಬಿಡಿ," ಎಂದಳು. "ನಲ್ಲಿ ತಿರುಗಿಸೋದು, ಗೋಡೆ ತಟ್ಟೋದು ಏನೂ ಬೇಡ. ನಾಳೆ ಅತ್ತಿಗೆ ಅವರಮ್ಮ ಬರ್ತಾರೆ. ಅಣ್ಣ ಬಾಯಿ ಬಿಟ್ಟು ಹೇಳಿಲ್ಲ, ಆದ್ರೆ ನಮ್ಮ ಹಾಸಿಗೆ ಸುತ್ತಿ ಬಾಗಿಲ ಹತ್ರ ನಿಲ್ಲಿಸಿದ್ದಾನೆ."

"ನೋಡಿದೆ. ಪಕ್ಕದಲ್ಲಿ ನನ್ನ ಚಪ್ಪಲೀನೂ ಇತ್ತು. ಹೊರಗಡೆ ಮುಖ ಮಾಡ್ಕೊಂಡು."

ಊರಿನ ಬಸ್ಸಿನಲ್ಲಿ ಬಹಳ ವರ್ಷ ದುಡಿದವನಿಗೆ ಈ ಮಹಾನಗರಕ್ಕೆ ವರ್ಗವಾಗಿತ್ತು. ಸಂಬಳ ಮಾತ್ರ ಊರಿನದೇ. ಬಂದಾಗಿನಿಂದ ಹೆಂಡತಿಯ ಅಣ್ಣನ ಒಂದೇ ಕೋಣೆಯ ಮನೆಯಲ್ಲಿ ಮಲಗುವುದು, ಎದ್ದು ಬಾಡಿಗೆ ಮನೆ ಹುಡುಕುವುದು. ಒಂದು ಮನೆಯಲ್ಲಿ ಮಂಚ ಎತ್ತಿ ಹಿಡಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಇನ್ನೊಂದರ ಬಾಡಿಗೆ ಕೇಳಿಸಿಕೊಂಡು ಕಂಡಕ್ಟರ್, "ಕೊಳ್ಳೋಕಲ್ಲ ಸ್ವಾಮಿ, ಬಾಡಿಗೆಗೆ," ಎಂದು ತಿದ್ದಿದ್ದ. ಕೈಗೆಟುಕುವ ಬಾಡಿಗೆಯದು ಇದೊಂದೇ.

ಬಾಗಿಲು ತೆರೆಯಿತು. ತೆರೆದದ್ದೇ ತಡ, ಕೆಳಗಿನಿಂದ ಜನ ಒತ್ತಿಕೊಂಡು ಬಂದರು. ಯಾರದೋ ಚೀಲ ಕಂಬಿಗೆ ಸಿಕ್ಕಿಕೊಂಡಿತು, ಯಾರದೋ ಮೊಣಕೈ ಯಾರದೋ ಕನ್ನಡಕಕ್ಕೆ ತಾಗಿತು. ತುಂಬು ಬಸುರಿಯೊಬ್ಬಳು ಗೋಡೆಗೆ ಒತ್ತಿ ನಿಂತು ಉಸಿರು ಬಿಡುತ್ತಿದ್ದಳು. ಕಂಡಕ್ಟರನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

"ನೂಕಬೇಡಿ, ನೂಕಬೇಡಿ. ಚೀಲ ಕಾಲ ಹತ್ರ ಇಟ್ಕೊಳ್ಳಿ. ಕನ್ನಡಕದವರೇ, ಫುಟ್‌ಬೋರ್ಡ್ ಮೇಲೆ ನಿಲ್ಲಬೇಡಿ. ಮೊದಲು ಆ ಅಮ್ಮನ್ನ ಬಿಡಿ. ಹಾಂ, ಹಂಗೇ ಮುಂದೆ ಹೋಗ್ತಾ ಇರಿ, ಒಳಗೆಲ್ಲ ಖಾಲಿ ಇದೆ."

ವಿಚಿತ್ರವೆಂದರೆ, ಎಲ್ಲರೂ ಮಾತು ಕೇಳಿದರು. ಬಸುರಿ ಮೊದಲು ಹೋದಳು. ಉಳಿದವರು ಒಬ್ಬರ ಹಿಂದೊಬ್ಬರು ಅಚ್ಚುಕಟ್ಟಾಗಿ ಅವನ ಮುಂದೆ ಹಾದುಹೋದರು. ಅವನು ಬಾಗಿಲ ಚೌಕಟ್ಟಿಗೆ ಕೈ ಊರಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟು ಎಲ್ಲರನ್ನೂ ಹತ್ತಿಸುತ್ತಿದ್ದ. ಹೆಂಡತಿ ತೋಳು ಹಿಡಿದು ಜಗ್ಗಿದಳು.

"ರೀ. ನಾವು."

"ಒಂದ್ನಿಮಿಷ ಕಣೇ, ಇಳಿಯೋರು ಇದ್ದಾರೆ."

ಇಳಿಯಲು ಬಂದವಳು ಅದೇ ಬಸುರಿ. ಅವಳ ಕೈಯಲ್ಲಿ ಬೀಗದ ಕೈ ಇತ್ತು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತಣ್ಣ," ಎಂದಳು.

"ನಿಧಾನ. ನೋಡ್ಕೊಂಡು ಇಳೀರಮ್ಮ," ಎಂದ ಕಂಡಕ್ಟರ್. ಆಮೇಲೆ ಆ ಬೀಗದ ಕೈ ಯಾವುದೆಂದು ಅವನಿಗೆ ಹೊಳೆಯಿತು.

ಹೆಂಡತಿ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಬಯ್ಯಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾದದ್ದು. "ಎಲ್ಲರನ್ನೂ ಹತ್ತಿಸಿ ಕೊನೆಗೆ ತಾನು ಹತ್ತೋದು ಬಸ್ಸಲ್ಲಾದ್ರೆ ಸರಿ," ಎಂದಳು. "ಬಸ್ಸು ನಿಮ್ಮನ್ನ ಬಿಟ್ಟು ಹೋಗಲ್ಲ. ಮನೆ ಹೋಗುತ್ತೆ."

ಅವನು ಒಂದು ಮೆಟ್ಟಿಲು ಕೆಳಗೆ ಕೂತ. ಬಯಸಿದ್ದು ಸಿಗದ ಜನ ಅವರ ಪಕ್ಕದಿಂದ ತೂರಿಕೊಂಡು ಇಳಿಯುತ್ತಿದ್ದರು. ಕನ್ನಡಕದವನು ಅಲ್ಲೇ ನಿಂತು ಕನ್ನಡಕ ಒರೆಸುತ್ತ ಗೊಣಗಿದ: "ನಿನ್ನೆ ನೋಡಿದ ಮನೇನೇ ಹಿಡಿದಿದ್ರೆ ಆಗ್ತಿತ್ತು. ಗಾಳಿ, ಬೆಳಕು, ನೀರು, ಎಲ್ಲ ಇತ್ತು. ಬಾಡಿಗೇನೂ ಇಷ್ಟೇ. ಆದ್ರೆ ಹಿತ್ತಲಗೋಡೆ ಆಚೆ ಬಸ್ ಡಿಪೋ. ನಸುಕಿಗೇ ಎಲ್ಲಾ ಬಸ್ಸೂ ಒಟ್ಟಿಗೆ ಗುರ್ ಅಂತಾವಂತೆ. ಮನುಷ್ಯ ಅನ್ನೋನು ಮಲಗ್ತಾನಾ ಅಲ್ಲಿ?"

ಅವಳು ನಿಧಾನವಾಗಿ ತಲೆ ಎತ್ತಿದಳು. ಗಂಡನ ಕಡೆ ನೋಡಲಿಲ್ಲ, ಅವನು ಎದ್ದು ನಿಂತಾಗಿತ್ತು.

"ಅಣ್ಣಾ," ಎಂದಳು, "ಅದು ಯಾವ ಬೀದಿ, ಚೂರು ಹೇಳ್ತೀರಾ?"

ಮಧ್ಯಾಹ್ನದ ಹೊತ್ತಿಗೆ ಅವರು ಆ ಮನೆಯ ನಡುಕೋಣೆಯಲ್ಲಿದ್ದರು. ಮನೆಯ ಯಜಮಾನ ಸಾಧು ಮುದುಕ. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಕೊಡಬೇಕೋ ಬೇಡವೋ ಎಂದು ಅವನೇ ಅನುಮಾನಿಸುತ್ತಿದ್ದ. ಗೋಡೆಯಾಚೆ ಒಂದು ಬಸ್ಸು ಕೆಮ್ಮಿ ಶುರುವಾಯಿತು. ಕಿಟಕಿಯ ಗಾಜು ಗಡಗಡ ನಡುಗಿತು, ಚಾವಣಿಯಿಂದ ಸುಣ್ಣದ ಚಕ್ಕೆಯೊಂದು ಉದುರಿ ಮುದುಕನ ಭುಜದ ಮೇಲೆ ಕೂತಿತು. ಅವನು ನಾಚಿಕೊಂಡು ಅದನ್ನು ಕೊಡವಿದ. ಕಂಡಕ್ಟರ್ ಕಿಟಕಿಗೆ ಹೋಗಿ, ನೆಂಟರನ್ನು ಕಂಡವನ ಹಾಗೆ ಹಲ್ಲು ಬಿಟ್ಟುಕೊಂಡು ನಿಂತ. ಅವಳು ಅಡುಗೆಕಟ್ಟೆಯನ್ನು ಅಂಗೈಯಿಂದ ಒರೆಸಿದಳು. ಬೆಳಗಿನ ಮನೆಯದರಷ್ಟು ಉದ್ದವಿರಲಿಲ್ಲ. ಆದರೂ ಕೈಚೀಲವನ್ನು ಅದರ ಮೇಲಿಟ್ಟಳು.

"ಇನ್ನೊಂದ್ಸಲ ಯೋಚನೆ ಮಾಡಮ್ಮ," ಎಂದ ಮುದುಕ. "ಇಲ್ಲಿ ಯಾರೂ ಎರಡು ತಿಂಗಳ ಮೇಲೆ ನಿಂತಿಲ್ಲ. ನಿದ್ದೆ ಇಲ್ಲ ಅಂತ ನನಗೆ ಶಾಪ ಹಾಕಿ ಹೋಗ್ತಾರೆ."

"ಇವರು ನಿದ್ದೇಲೂ 'ರೈಟ್, ರೈಟ್' ಅಂತ ಕೂಗ್ತಾರೆ ಯಜಮಾನ್ರೇ," ಎಂದು ಅವಳು ಬೀಗದ ಕೈಗೆ ಕೈಚಾಚಿದಳು. "ಮದುವೆ ಆದಾಗಿಂದ ಕೇಳ್ತಿದ್ದೀನಿ, ಒಂದು ಬಸ್ಸೂ ಹೊರಟಿಲ್ಲ. ಇಲ್ಲಾದ್ರೂ ಹೊರಡಲಿ."