ಅಚ್ಚುಮೆಚ್ಚಿನ ಬಾನುಲಿ

ಬಾನುಲಿಯ ಅಲೆಗಳು ಸುಳ್ಳನ್ನು ಹೊರುವುದನ್ನು ನಿಲ್ಲಿಸಿ ಹನ್ನೊಂದು ವರ್ಷಗಳಾಗಿದ್ದವು. ಜಾಹೀರಾತುಗಳಲ್ಲಿ ಅಂಗಡಿಯ ವಿಳಾಸವಷ್ಟೇ ಕೇಳಿಸುತ್ತಿದ್ದುದರಿಂದ ರೋಣದ ಪುಟ್ಟ ಕೇಂದ್ರ ಸೊರಗಿತ್ತು. ಆದರೂ ಉದ್ಘೋಷಕಿ ನೀಲಾಂಬಿಕೆ ದಿನವೂ, “ಇದು ನಿಮ್ಮ ಅಚ್ಚುಮೆಚ್ಚಿನ ಬಾನುಲಿ” ಎನ್ನುವರು; “ಅಚ್ಚುಮೆಚ್ಚಿನ” ಎಂಬಲ್ಲಿ ರೇಡಿಯೋ ಮೂಕವಾಗುವುದು.

“ಆ ಮಾತು ಬಿಟ್ಟಬಿಡ್ರಿ ಅಕ್ಕಾರ, ಮಂದಿ ನಗಾಕಂತನ ರೇಡಿಯೋ ಹಚ್ತಾರ,” ಎಂದ ತಂತ್ರಜ್ಞ ಫಕೀರಗೌಡ.

“ಹೆಂಗರ ಆಗ್ಲಿ, ಹಚ್ತಾರಲ್ಲಪಾ!”

ಅಂದು ಮೇಲಿನಿಂದ ಬಂದ ಆದೇಶವನ್ನು ನೀಲಾಂಬಿಕೆಯವರೇ ಬಾನುಲಿಯಲ್ಲಿ ಓದಬೇಕಾಯಿತು: “ಜನರಿಗೆ ಬೇಡವಾದ ಈ ಕೇಂದ್ರ ಇಂದು ಮುಚ್ಚುತ್ತದೆ.” ಎದುರಿನ ಚಹಾದಂಗಡಿಯ ರೇಡಿಯೋದಲ್ಲಿ “ಈ ಕೇಂದ್ರ” ಎಂಬ ಎರಡೇ ಪದಗಳು ಕೇಳಿಸಿದವು.

ಫಕೀರಗೌಡ ತಂತಿಗಳನ್ನು ಜಗ್ಗಿ ನೋಡಿದ, ಎಲ್ಲವೂ ಸರಿಯಿತ್ತು. ನೀಲಾಂಬಿಕೆ ಸೆರಗು ಸರಿಪಡಿಸಿಕೊಂಡು, ಮೈಕಿಗೆ ಬಾಗಿ, ಹನ್ನೊಂದು ವರ್ಷಗಳ ಆ ಮಾತನ್ನು ಮತ್ತೆ ಹೇಳಿದರು. ಚಹಾದಂಗಡಿಯಲ್ಲಿ ಅದು ಒಂದಕ್ಷರವೂ ತಪ್ಪದೆ ಮೊಳಗಿತು.