ಮೂರನೆಯ ಆಕಳಿಕೆ

ಎರಡು ಜನ್ಮಗಳ ಹಿಂದೆ ಚಂಪಕಮಾಲಾ ಪಂಥಕ್ಕೆ ಮಾತು ಕೊಟ್ಟಿದ್ದಳು: ಮೂಲಪುರುಷರ ಪಾಠದಲ್ಲಿ ಅನುಮಾನಪಟ್ಟವರು ಒಡಹುಟ್ಟಿದವರೇ ಆದರೂ ಬಿಡದೆ ಅವರ ಹೆಸರು ಬರೆದುಕೊಡುತ್ತೇನೆ. ಆಗ ಹೆಬ್ಬೆಟ್ಟು ಒತ್ತಿದ ಕರಾರುಪತ್ರ ಈ ಜನ್ಮದಲ್ಲೂ ಅವಳ ಮೇಜಿನ ಗಾಜಿನಡಿ ಇತ್ತು.

ಎದುರಿಗೆ ಕುಳಿತ ತಂಗಿ ನಾಗವೇಣಿ ವಾರದ ಪಾಠ ಒಪ್ಪಿಸುತ್ತಿದ್ದಳು. ಪಂಥದ ಲೆಕ್ಕದಲ್ಲಿ, ಒಪ್ಪಿಸುವಾಗ ಆಕಳಿಸಿದರೆ ಒಳಗೆ ಅನುಮಾನ ಇದೆ ಎಂದೇ ಅರ್ಥ. ಮೂರು ಸಲ ಆಕಳಿಸಿದವರ ಜೊತೆ ಮನೆಯವರು ಮುಂದಿನ ಏಳು ಜನ್ಮ ಮಾತಾಡುವ ಹಾಗಿಲ್ಲ. ವೇಣಿ ಆಗಲೇ ಎರಡು ಸಲ ಆಕಳಿಸಿದ್ದಳು. ಈಗ ಅವಳ ಬಾಯಿ ಮತ್ತೆ ಅಗಲವಾಯಿತು.

"ಅನುಮಾನ ಅಲ್ಲ ಅಕ್ಕಾ, ನಿನ್ನಾಣೆಗೂ ಅಲ್ಲ. ಪಾಪೂಗೆ ಹಲ್ಲು ಬರ್ತಿದೆ. ಮೂರು ದಿನದಿಂದ ರೆಪ್ಪೆ ಮುಚ್ಚಿಲ್ಲ."

"ಪಾಠದಲ್ಲಿ ಹಲ್ಲಿನ ವಿಷಯ ಎಲ್ಲೂ ಬರಲ್ಲ, ವೇಣಿ."

"ಮೂಲಪುರುಷರೇನು ಮಗು ಎತ್ಕೊಂಡು ಬರೆದ್ರಾ?"

ಗದರಿಸಲೆಂದು ಬಾಯಿ ತೆರೆದ ಚಂಪಕಮಾಲಾಗೆ, ಇಷ್ಟು ಜನ್ಮಗಳಲ್ಲಿ ಒಮ್ಮೆಯೂ ಬಾರದ ಆಕಳಿಕೆ ಬಂತು, ಕಣ್ಣಲ್ಲಿ ನೀರು ತುಂಬುವಷ್ಟು ದೊಡ್ಡದು.

"ನಿಂಗ್ಯಾವ ಅನುಮಾನ ಅಕ್ಕಾ?" ವೇಣಿ ಕಿಸಕ್ಕನೆ ನಕ್ಕಳು. ಮರುಕ್ಷಣ ಹೆದರಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆ ನಗು ಕೇಳದೆ ಏಳು ಜನ್ಮ ಹೇಗೆ ಕಳೆಯುವುದೆಂದು ಚಂಪಕಮಾಲಾ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಪಂಥಕ್ಕೆ ಕಳಿಸುವ ವರದಿಯಲ್ಲಿ ವೇಣಿಯ ಆಕಳಿಕೆ ಎರಡು ಎಂದು ಬರೆದು ಸಹಿ ಹಾಕಿದಳು.

ಕೊಟ್ಟ ಮಾತು ಮುರಿಯಿತು.