ಬೀಗರ ಮನೆಯ ಹುಂಜ

ತುಮಕೂರಿನ ಲ್ಯಾಬಿನಲ್ಲಿ ಲೈಟು ಆರಿಸಿ, ಡಾಕ್ಟರ್ ನೇತ್ರಾವತಿ ಮೊದಲ ಮೊಟ್ಟೆಗೆ ಟಾರ್ಚ್ ಹಿಡಿದರು. ಗುಬ್ಬಿಯ ಭದ್ರಮ್ಮನ ಕಾಯಿಲೆ ಕೋಳಿಗಳಲ್ಲಿ ಸಿಕ್ಕ ವೈರಸ್ಸನ್ನು, ಅದೆಷ್ಟು ಉಗ್ರವೆಂದು ನೋಡಲು, ಕೆಲವು ದಿನಗಳ ಹಿಂದೆ ಅದಕ್ಕೆ ಚುಚ್ಚಿದ್ದರು. ಪಕ್ಕದಲ್ಲಿದ್ದ ಭದ್ರಮ್ಮ ಬಗ್ಗಿ ನೋಡಿದರು. ಒಳಗಿನ ಮರಿ ಮಿಸುಕಿತು. ಎರಡನೆಯದಕ್ಕೆ ಚುಚ್ಚಿದ್ದು ಕುಣಿಗಲ್ಲಿನ ಬೀಗರ ಕೋಳಿಗಳ ವೈರಸ್. ಅದರೊಳಗಿನ ಮರಿ ಸತ್ತಿತ್ತು.

“ನಿಮ್ಮ ಕೋಳಿ ಉಳ್ಕೊತವೆ ಕಣಮ್ಮ, ನಿಮ್ದು ಸಾಧು ವೈರಸ್. ಅವರದು ಒಂದನ್ನೂ ಬಿಡಲ್ಲ.”

“ಬೀಗರದ್ದು ಎಲ್ಲಾದ್ರಲ್ಲೂ ಒಂದು ಕೈ ಮೇಲೇ ಬುಡಿ,” ಎಂದ ಭದ್ರಮ್ಮನ ನಗು ಅರ್ಧಕ್ಕೇ ನಿಂತಿತು. “ನಿನ್ನೆ ಅವರ ಕಷ್ಟ ವಿಚಾರಿಸೋಕೆ ಹೋಗಿದ್ದೆ ಡಾಕ್ಟ್ರಮ್ಮ. ಬರಿಗೈಲಿ ಕಳಿಸಬಾರದು ಅಂತ, ಚೆನ್ನಾಗಿದ್ದ ಒಂದು ಹುಂಜ ಕೊಟ್ರು.”

ನೇತ್ರಾವತಿ ಟಾರ್ಚ್ ಕೆಳಗಿಟ್ಟರು. “ಬೇರೆ ಕಟ್ಟಿದೀರ ತಾನೆ?”

“ಬೀಗರ ಮನೆ ಹುಂಜನ್ನ ಒಂಟಿಯಾಗಿ ಕಟ್ಟಾಕೋದು ಹೆಂಗೆ? ನಮ್ಮವುಗಳ ಜೊತೆಗೇ ಬುಟ್ಟಿದೀನಿ.”